ಒಂದೇ ಅರ್ಜಿ ಬಂದ ಟೆಂಡರ್

ನಾನು ಮಾಡುವ ಕೆಲಸವನ್ನು ಬೇರೆಯವರಿಗೆ ತಿಳಿಸಿ ಹೇಳುವುದು ನನಗೆ ಎಂದೂ ಸರಿಯಾಗಿ ಬಂದಿಲ್ಲ. ರಾಣೇಬೆನ್ನೂರಿನ ನಮ್ಮ ಓಣಿಯಲ್ಲಿ ಎದುರುಮನೆಯ ಅಜ್ಜಿ ಒಮ್ಮೆ ಕೇಳಿದರು, "ನೀ ದಿನಾ ಹಾವೇರಿಗೆ ಹೋಗ್ತಿ, ಟೆಂಡರ್ ಹಿಡೀತೀಯಂತ, ಖರೇ ಏನು?" ನಾನು ಹಿಡಿಯುವವಳಲ್ಲ, ಹಿಡಿದವರನ್ನು ಎಣಿಸುವವಳು ಎಂದೆ. "ಎಣಿಸಿ ಏನ್ ಮಾಡ್ತಿ?" ಎಂದರು. ನಕ್ಕು, ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟೆ.

ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿ, ನಾಲ್ಕಾರು ಕಡೆ ಸಣ್ಣಪುಟ್ಟ ಕೆಲಸ ಮಾಡಿ, ಕೊನೆಗೆ ಹಾವೇರಿಯ ಈ ಸಂಶೋಧನಾ ಸಂಸ್ಥೆಗೆ ಸೇರಿದವಳು ನಾನು. ಸಂಸ್ಥೆ ಎಂದರೆ ಗೊಬ್ಬರದ ಅಂಗಡಿಯ ಮೇಲಿನ ಎರಡು ಕೋಣೆ. ಒಂದರಲ್ಲಿ ನಮ್ಮ ಮುಖ್ಯಸ್ಥರು, ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿ ನಿವೃತ್ತರಾದವರು. ಇನ್ನೊಂದರಲ್ಲಿ ನಾನು ಮತ್ತು ಎರಡು ಕಂಪ್ಯೂಟರ್. ಸರ್ಕಾರಿ ಕಚೇರಿಗಳು ಶಾಲೆಗೆ ಬೆಂಚು, ಆಸ್ಪತ್ರೆಗೆ ಮಂಚ, ಊರಿಗೆ ಬೀದಿದೀಪ ಹೀಗೆ ಏನು ಕೊಳ್ಳಬೇಕಾದರೂ ಟೆಂಡರ್ ಕರೆಯುತ್ತವೆ. ಯಾವ ಟೆಂಡರಿಗೆ ಎಷ್ಟು ಜನ ಅರ್ಜಿ ಹಾಕಿದರು, ಯಾರಿಗೆ ಸಿಕ್ಕಿತು, ಸಾಮಾನು ಯಾವಾಗ ಬಂತು ಎಂಬುದನ್ನೆಲ್ಲ ಕಲೆಹಾಕಿ, ಅದರಲ್ಲಿ ಏನಾದರೂ ವಾಸನೆ ಹೊಡೆಯುತ್ತಿದೆಯೇ ಎಂದು ನೋಡುವುದು ನಮ್ಮ ಕೆಲಸ.

ಹೇಳಿದಷ್ಟು ದೊಡ್ಡ ಕೆಲಸವೇನಲ್ಲ. ಅರ್ಧ ದಿನ ಕಾಗುಣಿತ ತಿದ್ದುವುದರಲ್ಲೇ ಹೋಗುತ್ತದೆ. ರಾಣೇಬೆನ್ನೂರನ್ನು ಒಬ್ಬರು ರಾಣಿಬೆನ್ನೂರು ಎನ್ನುತ್ತಾರೆ, ಇನ್ನೊಬ್ಬರು ರಾಣೆಬೆನೂರ ಎಂದು ಬರೆದಿರುತ್ತಾರೆ. ಕಂಪ್ಯೂಟರಿಗೆ ಅವು ಮೂರು ಬೇರೆ ಊರುಗಳು. ಅವನ್ನೆಲ್ಲ ಒಂದೇ ಊರು ಮಾಡಬೇಕು. ಆಮೇಲೆ ಬಣ್ಣ ಹಚ್ಚಬೇಕು. ಟೆಂಡರಿಗೆ ಇಬ್ಬರು ಅಥವಾ ಹೆಚ್ಚು ಜನ ಅರ್ಜಿ ಹಾಕಿದ್ದರೆ ಆ ಸಾಲಿಗೆ ಹಸಿರು. ಒಬ್ಬರೇ ಹಾಕಿದ್ದರೆ ಕೆಂಪು. ಒಂದೇ ಅರ್ಜಿ ಬಂದಿದೆ ಎಂದರೆ ಸ್ಪರ್ಧೆ ಇಲ್ಲ, ಒಳಗೊಳಗೇ ಏನೋ ನಡೆದಿರಬಹುದು ಎಂದು ಅರ್ಥ. ಜಗತ್ತಿನ ಎಲ್ಲ ಕಡೆ ಹೀಗೆಯೇ ನೋಡುತ್ತಾರೆ ಎಂದು ಮುಖ್ಯಸ್ಥರು ಹೇಳಿಕೊಟ್ಟಿದ್ದರು. ನಾನೂ ನಂಬಿದ್ದೆ. ಈಗಲೂ ಪೂರ್ತಿ ನಂಬಿಕೆ ಹೋಗಿಲ್ಲ.

ಆ ಸಲದ ವರದಿ ಮುಗಿಯುವ ಹೊತ್ತಿಗೆ ಮುಖ್ಯಸ್ಥರು ನನ್ನನ್ನು ಕರೆದು, "ಬರೇ ಕೋಷ್ಟಕ ಕೊಟ್ರ ಯಾರೂ ಓದಂಗಿಲ್ಲ. ನಮ್ಮ ಜಿಲ್ಲಾದ್ದ ಒಂದು ಉದಾಹರಣೆ ಹಾಕ್ರಿ, ಮಂದಿಗೆ ತಿಳಿಯೂವಂಥಾದ್ದು" ಎಂದರು. ನಾನು ಕೆಂಪು ಸಾಲುಗಳನ್ನು ಒಂದೊಂದಾಗಿ ನೋಡುತ್ತ ಹೋದೆ. ಅದರಲ್ಲಿ ಒಂದು ಅಂಗವಿಕಲರಿಗೆ ಕೊಡುವ, ಕೈಯಿಂದ ಹಿಡಿಕೆ ತಿರುಗಿಸಿ ಓಡಿಸುವ ಮೂರು ಗಾಲಿಯ ಸೈಕಲ್ಲಿನ ಟೆಂಡರ್. ಮೂರು ವರ್ಷವೂ ಒಂದೇ ಅರ್ಜಿ, ಮೂರು ವರ್ಷವೂ ಬ್ಯಾಡಗಿಯ ಅದೇ ವೆಲ್ಡಿಂಗ್ ಅಂಗಡಿ. ನಾಲ್ಕನೆಯ ವರ್ಷದ್ದಕ್ಕೂ ಅವರದೊಂದೇ ಅರ್ಜಿ ಬಂದಿತ್ತು, ಆದೇಶ ಹೊರಡುವುದಷ್ಟೇ ಬಾಕಿ. ಸೈಕಲ್ ಎಂದರೆ ಎಲ್ಲರಿಗೂ ತಿಳಿಯುತ್ತದೆ ಎಂದು ಅದನ್ನೇ ಆರಿಸಿದೆ. "ಸ್ಪರ್ಧೆಯೇ ಇಲ್ಲದೆ ವರ್ಷದಿಂದ ವರ್ಷಕ್ಕೆ ಒಬ್ಬರ ಕೈಗೇ ಸೇರುತ್ತಿರುವ ಗುತ್ತಿಗೆ" ಎಂಬ ವಾಕ್ಯ ಬರೆದೆ. ಬರೆದ ಮೇಲೆ ಎರಡು ಸಲ ಓದಿಕೊಂಡೆ. ಚೆನ್ನಾಗಿ ಬಂದಿದೆ ಅನ್ನಿಸಿತು. ಅದನ್ನು ಒಪ್ಪಿಕೊಳ್ಳಲು ಈಗ ನಾಚಿಕೆಯಾಗುತ್ತದೆ, ಆದರೆ ಅವತ್ತು ಅನ್ನಿಸಿದ್ದು ಹಾಗೆಯೇ.

ವರದಿ ಹೊರಬಂದ ವಾರದಲ್ಲೇ ಸ್ಥಳೀಯ ಪತ್ರಿಕೆಯೊಂದು ಆ ವಾಕ್ಯವನ್ನೇ ಎತ್ತಿಕೊಂಡು ಸುದ್ದಿ ಮಾಡಿತು. ಮುಖ್ಯಸ್ಥರು ಖುಷಿಯಿಂದ ಕತ್ತರಿಸಿ ಗೋಡೆಗೆ ಅಂಟಿಸಿದರು. ಇನ್ನೆರಡು ವಾರಕ್ಕೆ ಟೆಂಡರ್ ರದ್ದಾಯಿತು. ನಾನು ಕಂಪ್ಯೂಟರಿನಲ್ಲಿ 'ರದ್ದು' ಎಂದು ತುಂಬಿ ಮುಂದಿನ ಸಾಲಿಗೆ ಹೋದೆ.

ಒಂದು ತಿಂಗಳಾದ ಮೇಲೆ ಕಚೇರಿಗೆ ಫೋನ್ ಬಂತು. ಹೆಂಗಸಿನ ದನಿ.

"ಪೇಪರಿನ್ಯಾಗ ಸೈಕಲ್ಲಿಂದು ಬರದವ್ರು ನೀವ ಏನ್ರಿ?"

ಹೌದು ಎಂದೆ.

"ನಾ ಕರ್ಜಗಿಯಿಂದ ಮಾತಾಡಾಕತ್ತೇನ್ರಿ. ಬೈಯಾಕ ಫೋನ್ ಮಾಡಿಲ್ಲ ಮತ್ತ. ನನ್ನ ಸೈಕಲ್ ಯಾವಾಗ ಬರ್ತೈತಿ ಅಂತ ಕೇಳಾಕ ಮಾಡೇನಿ. ಆಫೀಸಿನ್ಯಾಗ ಕೇಳಿದ್ರ ಪೇಪರಿನವ್ರನ್ನ ಕೇಳು ಅಂದ್ರು. ಪೇಪರಿನವ್ರು ನಿಮ್ಮ ನಂಬರ ಕೊಟ್ರು."

ನಾವು ಸೈಕಲ್ ಕೊಡುವವರಲ್ಲ, ಬರೀ ಅಧ್ಯಯನ ಮಾಡುವವರು ಎಂದೆ. "ಹಂಗಾರ ಯಾರನ್ನ ಕೇಳೂದ್ರಿ?" ಎಂದರು ಆಕೆ. ನನಗೆ ಗೊತ್ತಿರಲಿಲ್ಲ. ವಿಚಾರಿಸಿ ಹೇಳುತ್ತೇನೆ ಎಂದು ಆಕೆಯ ಮನೆ ಎಲ್ಲಿ ಎಂದು ಬರೆದುಕೊಂಡೆ. ಹಾಗೆ ಬರೆದುಕೊಂಡಿದ್ದರಿಂದ, ಮುಂದಿನ ಶನಿವಾರ ಕರ್ಜಗಿಗೆ ಹೋಗದೆ ಇರಲಾಗಲಿಲ್ಲ.

ಆಕೆಗೆ ನಲವತ್ತರ ಆಸುಪಾಸು. ಚಿಕ್ಕಂದಿನಲ್ಲೇ ಪೋಲಿಯೊ ಬಂದು ಎರಡೂ ಕಾಲು ಸೋತಿದ್ದವು, ಎಡಗೈಯಲ್ಲಿಯೂ ಅಷ್ಟಾಗಿ ಬಲವಿಲ್ಲ. ಬಸ್ ನಿಲ್ದಾಣದ ಹತ್ತಿರ ಕಿರಾಣಿ ಅಂಗಡಿಯೊಂದರ ಕಟ್ಟೆಯ ಮೇಲೆ ಕೈಯಿಂದ ತಿರುಗಿಸುವ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದರು. ಮನೆಯಿಂದ ಅಲ್ಲಿಗೆ ಹೋಗಲು ಹಳೆಯ ಸೈಕಲ್ ಇತ್ತು. ಅದರ ಅಚ್ಚು ಮುರಿದು ಮೂರು ತಿಂಗಳಾಗಿತ್ತು. ಯಂತ್ರ ಈಗ ಮನೆಯ ಪಡಸಾಲೆಗೆ ಬಂದಿತ್ತು. "ಬಸ್ ಸ್ಟ್ಯಾಂಡಿನ್ಯಾಗ ಇದ್ರ ನಾಕೂರ ಮಂದಿ ಇಳಿದವ್ರು ಕೊಟ್ಟು ಹೋಗ್ತಿದ್ರು. ಈ ಸಂದಿಯೊಳಗ ಯಾರು ಬರ್ತಾರ್ರಿ ಅಕ್ಕಾರ?" ಎಂದರು.

ಮಾತಾಡುತ್ತ ಆಕೆ ತನ್ನ ಬಲಗೈ ಚಾಚಿ ತೋರಿಸಿದರು. "ಆ ಬ್ಯಾಡಗಿ ಕಾಕಾ ಮನೀಗೆ ಬಂದು ಟೇಪ್ ಹಿಡದು ಅಳತಿ ತಗೊಂಡು ಹೋಗ್ಯಾನ್ರಿ. ಕೈ ಎಷ್ಟು ದೂರ ಚಾಚ್ತೈತಿ, ಬೆನ್ನು ಎಲ್ಲಿ ಆನಸ್ತೀನಿ, ಎಲ್ಲಾ. ಎಲ್ಲಾರ ಸೈಕಲ್ಲಿಗೂ ಎಡಕ್ಕ ಹಿಡಿಕಿ ಇರ್ತೈತಿ, ನಿನಗ ಬಲಕ್ಕ ಮಾಡ್ತೀನವಾ ಅಂದಿದ್ದ. ಅಂವ ಏನ್ ತಪ್ಪು ಮಾಡ್ಯಾನ?"

ಆ ಅಂಗಡಿಯವರು ಅಳತೆ ತೆಗೆದುಕೊಳ್ಳಲು ಊರೂರು ತಿರುಗುತ್ತಾರೆ ಎಂದು ನನ್ನ ಕೋಷ್ಟಕದಲ್ಲಿ ಎಲ್ಲಿಯೂ ಇರಲಿಲ್ಲ. ಅದನ್ನು ತುಂಬಲು ಜಾಗವೂ ಇರಲಿಲ್ಲ.

ಮರುದಿನ ಭಾನುವಾರವೇ ಬ್ಯಾಡಗಿಗೆ ಹೋದೆ. ಮೆಣಸಿನಕಾಯಿ ಸುಗ್ಗಿ. ಮೋಟೆಬೆನ್ನೂರು ಕ್ರಾಸಿನಲ್ಲಿ ಬಸ್ಸು ತಿರುಗುವ ಮುಂಚೆಯೇ ಒಬ್ಬೊಬ್ಬರಾಗಿ ಸೀನತೊಡಗಿದ್ದರು. ಅಂಗಡಿ ಊರಾಚೆ, ತಗಡಿನ ಶೆಡ್ಡು. ಅರವತ್ತು ದಾಟಿದ ಮುಸಲ್ಮಾನ ಹಿರಿಯರೊಬ್ಬರು ಕಿಟಕಿಯ ಸರಳುಗಳನ್ನು ಬೆಸೆಯುತ್ತಿದ್ದರು. ನಡೆಯುವಾಗ ಅವರೂ ಒಂದು ಕಾಲು ಎಳೆಯುತ್ತಿದ್ದರು. ನಾನು ಯಾರೆಂದು ಹೇಳಿದೆ. ಬೈದರೆ ಬೈಯಲಿ ಎಂದುಕೊಂಡೇ ಹೋಗಿದ್ದೆ. ಅವರು ಕೈಗವಸು ತೆಗೆದು ಕುರ್ಚಿ ಒರೆಸಿ, "ಕುಂದ್ರಿ ಅಕ್ಕಾರ" ಎಂದರು. ಒಳಗೆ ಹೆಂಡತಿಗೆ ಉರ್ದುವಿನಲ್ಲಿ ಚಹಾಕ್ಕೆ ಹೇಳಿದರು.

ಶೆಡ್ಡಿನ ಗೋಡೆಯ ಉದ್ದಕ್ಕೂ ನೀಲಿ ಬಣ್ಣ ಬಳಿದ ಸೈಕಲ್ ಚೌಕಟ್ಟುಗಳು ತೂಗುತ್ತಿದ್ದವು. ಗಾಲಿ ಇಲ್ಲ, ಚೈನು ಇಲ್ಲ. ಒಂದೊಂದಕ್ಕೂ ಒಂದೊಂದು ರಟ್ಟಿನ ಚೀಟಿ ಕಟ್ಟಿತ್ತು. ಮೇಡ್ಲೇರಿ, ಹುಡುಗಿ, ಕುತ್ತಿಗೆ ನಿಲ್ಲುವುದಿಲ್ಲ. ಕುಪ್ಪೇಲೂರು, ಅಜ್ಜ, ಭಾರ ಜಾಸ್ತಿ. ಕರ್ಜಗಿ, ಬಲಗೈ. ಚೀಟಿಗಳಲ್ಲಿ ಹೆಸರಿಗಿಂತ ಅಳತೆಯೇ ದೊಡ್ಡದಾಗಿ ಬರೆದಿತ್ತು.

"ಆರ್ಡರ್ ಕೈಗೆ ಬರೂಕಿಂತ ಮೊದಲ ಯಾಕ ಮಾಡಿದ್ರಿ?" ಎಂದೆ.

"ಮೂರು ವರ್ಷ ಕೊಟ್ಟಾರ. ಈ ಸಲಾನೂ ಕೊಡ್ತಾರ ಅಂತ ಮಾಡಿದೆ. ಮಂದಿ ಕಾಯ್ತಿರ್ತಾರಲ್ರಿ. ಆರ್ಡರ್ ಬಂದ ಕೂಡ್ಲೆ ಗಾಲಿ ತಂದು ಹಾಕಿಬಿಟ್ರ ಲಗೂ ಆಕ್ಕೈತಿ."

ಬೇರೆ ಯಾರೂ ಯಾಕೆ ಅರ್ಜಿ ಹಾಕುವುದಿಲ್ಲ ಎಂದು ಕೇಳಿದೆ. ಮನೆಮನೆಗೆ ಹೋಗಿ ಅಳತೆ ತೆಗೆದು, ಒಂದೊಂದನ್ನೂ ಬೇರೆ ಬೇರೆ ಮಾಡುವ ಕೆಲಸ ಯಾರಿಗೆ ಬೇಕು ಎಂದರು. ಆಮೇಲೆ ಚಹಾದ ಬಟ್ಟಲು ನೋಡುತ್ತ ಮೆಲ್ಲಗೆ ಹೇಳಿದರು:

"ನನಗ ಒಬ್ಬರು ಹೇಳಿದ್ರು, ನಿನ್ನ ಅಳಿಯನ ಹೆಸರಿಲೆ ಇನ್ನೊಂದು ಅರ್ಜಿ ಹಾಕು, ಎರಡು ಆದಂಗ ಆಕ್ಕೈತಿ, ಯಾರೂ ಕೇಳಂಗಿಲ್ಲ ಅಂತ. ಅಳಿಯ ಹೂವಿನ ಯಾಪಾರ ಮಾಡ್ತಾನ. ಅಂವಗ ಸೈಕಲ್ ಏನ್ ಗೊತ್ತೈತಿ? ಸುಳ್ಳು ಯಾಕ ಹಾಕೂದು ಅಂತ ಬಿಟ್ಟೆ. ಅದು ತಪ್ಪಾತೇನ್ರಿ?"

ಆ ಸುಳ್ಳನ್ನು ಅವರು ಹಾಕಿದ್ದರೆ ನಾನು ಹಸಿರು ಬಣ್ಣ ಹಚ್ಚಿ ಮುಂದೆ ಹೋಗುತ್ತಿದ್ದೆ.

ಸೋಮವಾರ ಎಲ್ಲವನ್ನೂ ಮುಖ್ಯಸ್ಥರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಒಳ್ಳೆಯ ಮನುಷ್ಯ, ಅವರಿಗೂ ಬೇಸರವಾಗಿದ್ದು ಮುಖದಲ್ಲೇ ಕಂಡಿತು. "ಆದ್ರ ನಾವೇನು ಸುಳ್ಳು ಬರದೇವೇನು?" ಎಂದರು.

"ಇಲ್ರಿ."

"ಒಂದ ಅರ್ಜಿ ಬಂದಿದ್ದು ಖರೇ ಅಲ್ಲ?"

"ಖರೇರಿ."

"ಮತ್ತ ಏನಂತ ತಿದ್ದೂಣು?"

ಆದರೂ ನನ್ನ ಒತ್ತಾಯಕ್ಕೆ ಒಂದು ಸ್ಪಷ್ಟೀಕರಣ ಬರೆಯಲು ಒಪ್ಪಿದರು. ಸದರಿ ಪೂರೈಕೆದಾರರ ಮೇಲೆ ಯಾವ ಆರೋಪವೂ ಇಲ್ಲ, ಒಂದೇ ಅರ್ಜಿ ಬಂದಿರುವುದಕ್ಕೆ ಸ್ಥಳೀಯ ಕಾರಣಗಳಿರಬಹುದು ಎಂದು ಅರ್ಧ ಪುಟ ಬರೆದೆ. ಪತ್ರಿಕೆಯವರು ಅದನ್ನು ಹಾಕಲಿಲ್ಲ. ಅದರಲ್ಲಿ ಸುದ್ದಿ ಏನಿದೆ ಎಂದು ಕೇಳಿದರು.

ಆ ಸ್ಪಷ್ಟೀಕರಣ ಪತ್ರದ ಪ್ರತಿ ಹಿಡಿದು ಖರೀದಿ ನೋಡಿಕೊಳ್ಳುವ ಅಧಿಕಾರಿಯ ಬಳಿ ಹೋದೆ. ಅವರಿಗೆ ನಿವೃತ್ತಿ ಹತ್ತಿರವಾಗಿತ್ತು. ಪತ್ರವನ್ನು ಪೂರ್ತಿ ಓದಿದರು, ಅದೇ ನನಗೆ ಆಶ್ಚರ್ಯ.

"ನೀವ ಕೆಂಪು ಹಚ್ಚಿದ್ರಿ. ಮ್ಯಾಲಿನವ್ರು ನನ್ನ ಕೇಳಿದ್ರು, ನಾ ರದ್ದು ಮಾಡಿದೆ. ಈಗ ಬಂದು ಅದು ಅಂಥಾ ಕೆಂಪಲ್ಲ ಅಂತೀರಿ. ನಾ ಫೈಲಿನ್ಯಾಗ ಏನಂತ ಬರೀಲಿ?"

ಜನ ಕಾಯುತ್ತಿದ್ದಾರೆ ಎಂದೆ.

"ನನಗ ಗೊತ್ತಿಲ್ಲೇನ್ರಿ? ಆ ಮೇಡ್ಲೇರಿ ಹುಡುಗಿ ತಂದಿ ವಾರಕ್ಕೊಮ್ಮೆ ಬಂದು ಇಲ್ಲೇ, ನೀವು ಕುಂತ ಕುರ್ಚೇದ ಮ್ಯಾಲ ಕುಂದರ್ತಾನ. ಎರಡು ತಿಂಗಳದಾಗ ಹೊಸಾ ಟೆಂಡರ್ ಕರೀತೀವಿ. ಅಂವನೂ ಹಾಕ್ಲಿ, ಯಾರು ಬ್ಯಾಡ ಅಂತಾರ?"

ಇದನ್ನು ನಂಬಿ ಕರ್ಜಗಿಗೂ ಬ್ಯಾಡಗಿಗೂ ಫೋನ್ ಮಾಡಿ ಹೇಳಿದೆ. ಗಾಲಿಯ ಖರ್ಚು ನಾನು ಕೊಡುತ್ತೇನೆ, ಕರ್ಜಗಿಯದೊಂದನ್ನು ಈಗಲೇ ಮುಗಿಸಿಕೊಡಿ ಎಂದೂ ಆ ಹಿರಿಯರಿಗೆ ಹೇಳಿದೆ. ಅವರು ಒಪ್ಪಿದರು, ಆದರೆ ಆಕೆಯೇ ಬೇಡವೆಂದರು. ಹೊರಗಿನಿಂದ ಸೈಕಲ್ ಬಂತೆಂದರೆ ಸರ್ಕಾರದ ಪಟ್ಟಿಯಿಂದ ಹೆಸರು ತೆಗೆಯುತ್ತಾರೆ, ಆಮೇಲೆ ಟೈರು, ರಿಪೇರಿ ಯಾವುದೂ ಸಿಗುವುದಿಲ್ಲ ಎಂದು ಆಕೆಗೆ ಯಾರೋ ಹೇಳಿದ್ದರು. "ಎರಡು ತಿಂಗಳ ಅಲ್ಲೇನ್ರಿ, ಕಾಯ್ತೀನಿ" ಎಂದರು.

ಎರಡು ತಿಂಗಳು ಆರಾಯಿತು. ಹೊಸ ಟೆಂಡರಿನಲ್ಲಿ ಸ್ಪರ್ಧೆ ಬರಲೆಂದು ಷರತ್ತುಗಳನ್ನು ಬದಲಿಸಿದ್ದರು. ಅರ್ಜಿ ಹಾಕುವವರು ಇಂತಿಷ್ಟು ಜಿಲ್ಲೆಗಳಿಗೆ ಪೂರೈಸಿರಬೇಕು, ಸೈಕಲ್ಲುಗಳು ಒಂದೇ ಮಾದರಿಯವಾಗಿರಬೇಕು. ಬ್ಯಾಡಗಿಯ ತಗಡಿನ ಶೆಡ್ಡು ಮೊದಲ ಷರತ್ತಿನಲ್ಲೇ ಹೊರಗೆ ಬಿತ್ತು. ದೂರದ ಊರುಗಳಿಂದ ಎರಡು ಅರ್ಜಿ ಬಂದವು. ಒಬ್ಬರಿಗೆ ಸಿಕ್ಕಿತು.

ನಾನು ಆ ಎರಡು ಅರ್ಜಿಗಳನ್ನು ತೆರೆದು ನೋಡಿದೆ. ನೋಡಲೇಬೇಕಾದ ಅಗತ್ಯವಿರಲಿಲ್ಲ, ಎಣಿಸಿದರೆ ಸಾಕಿತ್ತು. ಎರಡೂ ಬೇರೆ ಬೇರೆ ಊರಿನ, ಬೇರೆ ಬೇರೆ ಕಂಪನಿಗಳ ಹೆಸರಿನವು. ಆದರೆ ಎರಡರಲ್ಲೂ ಬ್ಯಾಡಗಿಯನ್ನು 'ಬ್ಯಾಡಿಗಿ' ಎಂದು ಬರೆದಿತ್ತು. ಎರಡರಲ್ಲೂ ರಾಣೇಬೆನ್ನೂರಿನಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿತ್ತು. ನಾಲ್ಕನೆಯ ಪುಟದಲ್ಲಿ ಒಂದೇ ಜಾಗದಲ್ಲಿ ಒಂದೇ ವಾಕ್ಯ ಅರ್ಧಕ್ಕೆ ನಿಂತಿತ್ತು. ವರ್ಷಗಟ್ಟಲೆ ಕಾಗುಣಿತ ತಿದ್ದಿದ ಕಣ್ಣು ನನ್ನದು. ಒಬ್ಬರೇ ಕೂತು ಎರಡನ್ನೂ ಬರೆದಿದ್ದಾರೆ ಎಂದು ಅನ್ನಿಸಿದ ಮೇಲೆ ಬೇರೆ ಏನೂ ಅನ್ನಿಸಲೇ ಇಲ್ಲ.

ಮುದ್ರಿಸಿ ಮುಖ್ಯಸ್ಥರ ಮುಂದಿಟ್ಟೆ. ಅವರು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು.

"ನಿಮಗ ಖಾತ್ರಿ ಐತೇನು?"

"ಅನ್ನಸ್ತೈತ್ರಿ. ಖಾತ್ರಿ ಇಲ್ಲ."

"ಹೋದ ಸಲ ಖಾತ್ರಿ ಇದ್ದದ್ದ ಬರದು ಏನಾತು ನೋಡಿದ್ರಲ್ಲ. ಈ ಸಲ ಖಾತ್ರಿ ಇಲ್ಲದ್ದು ಬರೀತೀರೇನು?" ಎಂದರು. ದನಿಯಲ್ಲಿ ವ್ಯಂಗ್ಯ ಇರಲಿಲ್ಲ, ನಿಜವಾಗಿಯೇ ಕೇಳುತ್ತಿದ್ದರು. "ಬರೀತೀನಿ ಅಂದ್ರ ನಾ ಸಹಿ ಮಾಡ್ತೀನಿ. ನೀವ ಹೇಳ್ರಿ."

ಇಡೀ ಮಧ್ಯಾಹ್ನ ನನ್ನ ಕೋಣೆಯಲ್ಲಿ ಕೂತೆ. ಬರೆದರೆ ಟೆಂಡರ್ ಮತ್ತೆ ರದ್ದಾಗುತ್ತದೆ. ವಿಚಾರಣೆ, ಹೊಸ ಕಡತ, ಹೊಸ ಷರತ್ತು, ಇನ್ನೊಂದು ವರ್ಷ. ಕರ್ಜಗಿಯಲ್ಲಿ ಆಕೆ ಪಡಸಾಲೆಯಲ್ಲೇ ಇರುತ್ತಾರೆ. ಮೇಡ್ಲೇರಿಯ ತಂದೆ ವಾರಕ್ಕೊಮ್ಮೆ ಆ ಕುರ್ಚಿಗೆ ಬರುತ್ತಲೇ ಇರುತ್ತಾನೆ. ಬರೆಯದಿದ್ದರೆ ಸೈಕಲ್ ಬರುತ್ತವೆ. ಯಾರಿಂದಲೇ ಬರಲಿ, ಹೇಗೆಯೇ ಬರಲಿ, ಬರುತ್ತವೆ. ಸಂಜೆ ಐದಕ್ಕೆ ಆ ಸಾಲಿನಲ್ಲಿ 'ಅರ್ಜಿಗಳು: ಎರಡು' ಎಂದು ತುಂಬಿದೆ. ಸಾಲು ತಾನಾಗಿಯೇ ಹಸಿರಾಯಿತು. ಹಾಗೆ ಆಗುವಂತೆ ಸೂತ್ರ ಬರೆದವಳು ನಾನೇ.

ಮುಖ್ಯಸ್ಥರ ಕೋಣೆಗೆ ಹೋಗಿ ಬೇಡ ಎಂದೆ. ಅವರು ಆ ಕಾಗದಗಳನ್ನು ಡ್ರಾಯರಿನಲ್ಲಿ ಇಟ್ಟರು. ಅವು ಇನ್ನೂ ಅಲ್ಲಿಯೇ ಇವೆ.

ಬ್ಯಾಡಗಿಗೆ ಹೋಗಿ ಹೇಳಬೇಕಾಗಿತ್ತು. ಹೋದಾಗ ಗೋಡೆ ಖಾಲಿಯಾಗಿತ್ತು. ಹಿರಿಯರು ಚೌಕಟ್ಟುಗಳನ್ನು ಕತ್ತರಿಸಿ ಯಾವುದೋ ಕಲ್ಯಾಣಮಂಟಪದ ಕಿಟಕಿಗೆ ಜಾಲರಿ ಮಾಡಿದ್ದರು. ಟೆಂಡರಿನ ಸುದ್ದಿ ಅವರಿಗೆ ನನಗಿಂತ ಮೊದಲೇ ಮುಟ್ಟಿತ್ತು. ಕರ್ಜಗಿಯದೊಂದಾದರೂ ಉಳಿದಿದೆಯೇ ಎಂದೆ.

"ಅದನ್ನ ಕಡೀಕೆ ಇಟ್ಟಿದ್ದೆ ಅಕ್ಕಾರ. ಪೈಪು ಸಾಲಲಿಲ್ಲ. ಹೋದ ವಾರ ಕೊಯ್ದೆ" ಎಂದರು. ಎರಡು ಅರ್ಜಿಗಳ ವಿಷಯ ಅವರಿಗೆ ಹೇಳದೆಯೇ ಬಸ್ಸು ಹತ್ತಿದೆ.

ಮುಂದಿನ ತಿಂಗಳು ಹಾವೇರಿಯ ಕಚೇರಿಯ ಅಂಗಳದಲ್ಲಿ ಸೈಕಲ್ ಹಂಚಿದರು. ನಾನೂ ಹೋಗಿ ಬೇವಿನ ಮರದ ಕೆಳಗೆ ನಿಂತಿದ್ದೆ. ಎಲ್ಲವೂ ಹೊಳೆಯುವ ಕೆಂಪು ಬಣ್ಣದವು, ಎಲ್ಲವೂ ಒಂದೇ ಅಳತೆಯವು, ಎಲ್ಲದರ ಹಿಡಿಕೆಯೂ ಎಡಕ್ಕೆ. ಮೇಡ್ಲೇರಿಯ ತಂದೆ ಮಗಳನ್ನು ಸೀಟಿನಲ್ಲಿ ಕೂರಿಸಿ, ಕುತ್ತಿಗೆ ವಾಲದಂತೆ ಕೈಯಿಂದ ಹಿಡಿದೇ ಫೋಟೊಗೆ ನಿಂತ. ಕರ್ಜಗಿಯ ಆಕೆ ಟಂಟಂ ಆಟೋದಲ್ಲಿ ಬಂದು, ಟಂಟಂನಲ್ಲೇ ಸೈಕಲ್ ಹಾಕಿಸಿಕೊಂಡು ಹೋದರು. ನನ್ನನ್ನು ನೋಡಿ ಕೈ ಎತ್ತಿದರು. ಸಿಕ್ಕಿತಲ್ಲ ಎಂಬ ಸಮಾಧಾನವೇ ಅವರ ಮುಖದಲ್ಲಿತ್ತು.

ಹದಿನೈದು ದಿನ ಬಿಟ್ಟು ಬ್ಯಾಡಗಿಯ ಹಿರಿಯರೇ ಫೋನ್ ಮಾಡಿ, ಕರ್ಜಗಿಗೆ ಹೋಗೋಣ ಬರ್ತೀರೇನು ಎಂದು ಕೇಳಿದರು. ಒಟ್ಟಿಗೆ ಹೋದೆವು. ಅವರು ಚೀಲದಲ್ಲಿ ಸಾಮಾನು ತಂದಿದ್ದರು. ಸೈಕಲ್ ಅಂಗಳದಲ್ಲಿತ್ತು. ಅವರು ಕುಕ್ಕರಗಾಲಿನಲ್ಲಿ ಕೂತು ಪೈಪನ್ನು ಬೆರಳಿನಿಂದ ತಟ್ಟಿ ತಟ್ಟಿ ಸದ್ದು ಕೇಳಿದರು. ಹಿಡಿಕೆಯ ಬುಡ ಒರೆಸಿ ನೋಡಿದರು. ಎದ್ದು ನಿಂತು ತಲೆಯಾಡಿಸಿದರು.

"ಹಿಡಿಕಿ ಬಲಕ್ಕ ತರೂಣು ಅಂತ ಬಂದಿದ್ದೆ. ಪೈಪು ಭಾಳ ತೆಳು ಐತಿ. ಬೆಂಕಿ ಹಿಡದ್ರ ತೂತು ಬೀಳ್ತೈತಿ."

"ಬ್ಯಾಡ ಬಿಡು ಕಾಕಾ" ಎಂದರು ಆಕೆ. "ಹಂಗೂ ಮುಟ್ಟಂಗಿಲ್ಲಂತ. ಸರ್ಕಾರದ್ದು, ಕಡದ್ರ ಕಸಗೊಂಡು ಹೋಗ್ತಾರಂತ."

ಹಿರಿಯರು ಹಲಗೆಯ ತುಂಡೊಂದನ್ನು ಬೆನ್ನ ಹಿಂದೆ ಹಗ್ಗದಿಂದ ಬಿಗಿದು ಮೆತ್ತೆ ಕಟ್ಟಿಕೊಟ್ಟರು. ಆಕೆ ಸೀಟಿನಲ್ಲಿ ಕೂತು ಮುಂದಕ್ಕೆ ಬಾಗಿ, ಬಲಗೈಯನ್ನು ಎದೆಯ ಮೇಲಿಂದ ಅಡ್ಡ ಚಾಚಿ ಎಡಗಡೆಯ ಹಿಡಿಕೆ ಹಿಡಿದು ತಿರುಗಿಸಿದರು. ಸೈಕಲ್ ಚಲಿಸಿತು. ಓಣಿಯ ಕೊನೆಯವರೆಗೆ ಹೋಗಿ ಬಂದರು. ಆಚೆ ಬಸ್ ನಿಲ್ದಾಣಕ್ಕೆ ಏರು. ಅಲ್ಲಿಗೆ ಆಗಲಿಲ್ಲ. ಎರಡು ಸಲ ಪ್ರಯತ್ನಿಸಿ, ಮೂರನೆಯ ಸಲ ನಾನು ಹಿಂದಿನಿಂದ ತಳ್ಳಿದೆ. ಮೇಲೆ ಹೋದ ಮೇಲೆ ಆಕೆ ಕಿರಾಣಿ ಅಂಗಡಿಯ ಕಟ್ಟೆಯತ್ತ ನೋಡಿದರು. ಅಲ್ಲಿ ಈಗ ಯಾರೋ ಮೊಬೈಲ್ ಕವರುಗಳನ್ನು ಹರಡಿಕೊಂಡು ಕೂತಿದ್ದರು.

"ಮನಿಯಾಗ ಹೊಲೀತೀನಿ ಬಿಡ್ರಿ" ಎಂದರು. "ಓಣಿಯೊಳಗ ಅಡ್ಡಾಡಾಕ ಆತಲ್ಲ."

ನಾನು ಮತ್ತೆ ಅಧಿಕಾರಿಗೆ ಪತ್ರ ಬರೆಯುತ್ತೇನೆ, ಅಳತೆಯ ವಿಷಯ ವರದಿಯಲ್ಲಿ ಹಾಕುತ್ತೇನೆ ಎಂದು ಏನೇನೋ ಹೇಳತೊಡಗಿದೆ. ಆಕೆ ನನ್ನ ಕೈ ಹಿಡಿದು ನಿಲ್ಲಿಸಿದರು.

"ಅಕ್ಕಾರ, ನಿಮ್ಮ ಮ್ಯಾಲ ನನಗ ಸಿಟ್ಟಿಲ್ರಿ. ಆದ್ರ ನೀವು ಇನ್ನ ಎಲ್ಲಿಗೂ ಏನೂ ಬರದು ಕಳಸಬ್ಯಾಡ್ರಿ. ಇದ್ದದ್ದು ಇರ್ಲಿ."

ಆಗಲಿ ಎಂದೆ. ಇಳಿಜಾರಿನಲ್ಲಿ ಸೈಕಲ್ ತಾನಾಗಿಯೇ ಓಡತೊಡಗಿತು. ನಾನು ಹಿಂದಿನಿಂದ ಸೀಟು ಹಿಡಿದು, ಅದು ಓಡದಂತೆ ತಡೆಯುತ್ತ, ಅವರ ಮನೆಯವರೆಗೂ ನಡೆದೆ.